ಎರಗುವ ಹುಂಜವನ್ನು ನಿಭಾಯಿಸುವ ಬಗೆ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯನ್ನಾಗಲಿ ನಾಟಿ ಕೋಳಿಯನ್ನಾಗಲಿ ಸಮೀಪದ ಕೆಂಪಾಪುರದ ಹಿತ್ತಲುಗಳಲ್ಲಿ ಸಾಕುವವರು, ಪ್ರಾಯಕ್ಕೆ ಬಂದ ಹುಂಜವು ವೃಷಣಗಳಲ್ಲಿ ಸ್ರವಿಸುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಮನುಷ್ಯರ ಮೇಲೂ ಎರಗಬಹುದೆಂಬುದನ್ನು ಅರಿತಿರಬೇಕು. ರೆಕ್ಕೆ ಇಳಿಬಿಟ್ಟು, ಕತ್ತಿನ ಗರಿ ಕೆದರಿ, ಓರೆಯಾಗಿ ಸುತ್ತತೊಡಗುವುದು ದಾಳಿಯ ಮುನ್ಸೂಚನೆ. ಆಗ ಓಡಿದರೆ ಅದರ ಧೈರ್ಯ ಹೆಚ್ಚುತ್ತದೆ, ಒದ್ದರೆ ಅದು ಇನ್ನಷ್ಟು ಕೆರಳುತ್ತದೆ. ಆದ್ದರಿಂದ ಅಲುಗದೆ ನಿಂತು, ಬಕೆಟ್ಟನ್ನೋ ಮೊರವನ್ನೋ ಅಡ್ಡ ಹಿಡಿದು, ಅದು ತಣ್ಣಗಾದ ಮೇಲೆ ನಿಧಾನವಾಗಿ ಸರಿಯುವುದು ಲೇಸು.

ಕಾಲಿನ ಹಿಂಬದಿಯ ಮುಳ್ಳು, ಅಂದರೆ ಎಲುಬಿನ ಮೇಲೆ ಬೆಳೆಯುವ ಕೊಂಬಿನಂಥ ಚೂಪು, ಮಕ್ಕಳ ಕಣ್ಣಿಗೆ ಅಪಾಯಕಾರಿ. ಗಾಯವಾದರೆ ಸೋಪಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಒಂದು ಹುಂಜಕ್ಕೆ 8ರಿಂದ 10 ಹೇಟೆಗಳಿರುವುದು ಒಳ್ಳೆಯದು. ಎಷ್ಟಾದರೂ ಪಳಗದ ಹುಂಜವನ್ನು ಬೇರೆ ಗೂಡಿನಲ್ಲಿಟ್ಟು, ಅದರಿಂದ ಮರಿ ಪಡೆಯದಿರಬೇಕು.