ಸಿಕಲ್ ಸೆಲ್ ಮಗುವಿನ ಮಿದುಳಿನ ಮೇಲೂ ನಿಗಾ ಇರಲಿ

ಸಿಕಲ್ ಸೆಲ್ ಕಾಯಿಲೆ ಎಂದರೆ ಮೈಕೈ ನೋವು, ರಕ್ತಹೀನತೆ ಅಷ್ಟೇ ಅಲ್ಲ. ಕುಡುಗೋಲಿನಂತೆ ಬಾಗಿದ ರಕ್ತಕಣಗಳಿಂದ ಮಿದುಳಿನ ರಕ್ತನಾಳಗಳು ಕಿರಿದಾಗಿ, ಎಳೆಯ ಮಕ್ಕಳಿಗೂ ಪಾರ್ಶ್ವವಾಯು ಬಡಿಯಬಹುದು.

ಊಟ ಮಾಡುವಾಗ ಮಗುವಿನ ಕೈಯಿಂದ ತುತ್ತು ಜಾರಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ‘ಸುಸ್ತಾಗಿರಬೇಕು’ ಎಂದು ಮಲಗಿಸಬೇಡಿ. ತಕ್ಷಣ 108ಕ್ಕೆ ಕರೆಮಾಡಿ. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆಬಿದ್ದರೆ ಬೈಯಬೇಡಿ, ವೈದ್ಯರಿಗೆ ತಿಳಿಸಿ. ಹೊರಗೆ ಲಕ್ಷಣ ತೋರದೆಯೂ ಮಿದುಳಿಗೆ ಪೆಟ್ಟು ಬಿದ್ದಿರಬಹುದು.

2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ ತಲೆಯ ಡಾಪ್ಲರ್ ಸ್ಕ್ಯಾನಿಂಗ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ. ಅಪಾಯ ಮೊದಲೇ ತಿಳಿದರೆ ನಿಯಮಿತವಾಗಿ ರಕ್ತ ಕೊಡಿಸಿ, ಹೈಡ್ರಾಕ್ಸಿಯೂರಿಯಾ ಔಷಧ ನೀಡಿ ಪಾರ್ಶ್ವವಾಯುವಿನ ಸಾಧ್ಯತೆಯನ್ನು ಬಹಳಷ್ಟು ತಗ್ಗಿಸಬಹುದು. ಮಗು ಆಡಿಕೊಂಡಿದೆ ಎಂದು ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.