ಹಚ್ಚಿದರೆ ನುಣುಪು, ಬಿಟ್ಟರೆ ಉರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಡವೆಗೆಂದು ಹಚ್ಚಿಕೊಂಡ ಸ್ಟೀರಾಯ್ಡ್ ಮುಲಾಮಿನ ಪಾಡನ್ನೇ ಹೇಳುತ್ತವೆ. ಕೂದಲು ಉದುರುವಿಕೆ, ಹಿಮ್ಮಡಿ ಒಡಕಿನ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಇರಲಿ.

ಡಾಕ್ಟರ್ ಮೇಡಂ, ನನಗೆ 20 ವರ್ಷ, ಬಿ.ಕಾಂ. ಓದುತ್ತಿದ್ದೇನೆ. ಹೋದ ವರ್ಷ ಕೆನ್ನೆ ತುಂಬ ಮೊಡವೆ ಎದ್ದಾಗ ಮೆಡಿಕಲ್ ಶಾಪಿನವರು ಒಂದು ಕ್ರೀಮು ಕೊಟ್ಟರು. ನಾಲ್ಕೇ ದಿನಕ್ಕೆ ಮೊಡವೆ ಅಡಗಿ ಮುಖ ಬೆಳ್ಳಗಾಯಿತು. ಏನು ಹಚ್ಚುತ್ತೀ ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಕೇಳುವವರೇ. ಈಗ ಎಂಟು ತಿಂಗಳಾಯಿತು. ಒಂದು ರಾತ್ರಿ ತಪ್ಪಿದರೂ ಮುಖ ಕೆಂಪೇರಿ, ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿಯುತ್ತದೆ. ಮತ್ತೆ ಹಚ್ಚಿದರೆ ತಣ್ಣಗೆ. ನನ್ನ ಚರ್ಮಕ್ಕೆ ಈ ಕ್ರೀಮೇ ಒಗ್ಗಿದೆ ಅನ್ನಿಸುತ್ತದೆ. ಹೀಗೇ ಹಚ್ಚುತ್ತಾ ಇರಬಹುದೇ?
— ಓದುಗಿ, ದಾವಣಗೆರೆ

ಇರಬಾರದು ತಂಗಿ. ನೀವು ಟ್ಯೂಬಿನ ಹೆಸರು ಬರೆದದ್ದು ಒಳ್ಳೆಯದಾಯಿತು. ಅದರಲ್ಲಿರುವುದು ಬೀಟಾಮೆಥಾಸೋನ್ ಎಂಬ ಬಿರುಸಾದ ಸ್ಟೀರಾಯ್ಡ್, ಜೊತೆಗೆ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್. ಕೈಕಾಲಿನ ಇಸಬಿಗೆ, ಅದೂ ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ ಮದ್ದು ಇದು. ಮುಖದ ಚರ್ಮ ಮೊದಲೇ ತೆಳು. ಮುಂಗೈಯಲ್ಲಿ ಒಳಗಿಳಿಯುವುದಕ್ಕಿಂತ ಹಣೆಯಲ್ಲಿ ಸುಮಾರು 6 ಪಟ್ಟು, ದವಡೆಯ ಭಾಗದಲ್ಲಿ ಸುಮಾರು 13 ಪಟ್ಟು ಹೆಚ್ಚು ಸ್ಟೀರಾಯ್ಡ್ ಒಳಗಿಳಿಯುತ್ತದೆ. ನೀವು ಹಚ್ಚಿದ್ದು ಅಂಥ ಜಾಗಕ್ಕೆ, ಎಂಟು ತಿಂಗಳು.

ಮೊದಲ ವಾರದ ಆ ನುಣುಪು ಎಲ್ಲಿಂದ ಬಂತು? ಸ್ಟೀರಾಯ್ಡ್ ಬಿದ್ದ ಕೂಡಲೇ ಚರ್ಮದ ಸಣ್ಣ ರಕ್ತನಾಳಗಳು ಬಿಗಿಯಾಗುತ್ತವೆ, ಕೆಂಪು ಇಳಿಯುತ್ತದೆ. ಮೊಡವೆಯ ಊತ ಕೂರುತ್ತದೆ. ಬಣ್ಣ ತಯಾರಿಸುವ ಕೋಶಗಳೂ ಮಂಕಾಗುವುದರಿಂದ ಮುಖ ತಿಳಿಯಾಗಿ ಕಾಣುತ್ತದೆ. ಆದರೆ ರಂಧ್ರ ಕಟ್ಟಿಕೊಂಡದ್ದು ಬಿಡಲಿಲ್ಲ, ಒಳಗಿನ ಜಿಡ್ಡು ಕಡಿಮೆಯಾಗಲಿಲ್ಲ, ಬ್ಯಾಕ್ಟೀರಿಯಾ ಸಾಯಲಿಲ್ಲ. ಚರ್ಮದ ರೋಗನಿರೋಧಕ ಶಕ್ತಿಯನ್ನೇ ಈ ಮದ್ದು ಕುಗ್ಗಿಸುವುದರಿಂದ ಅವು ನೆಮ್ಮದಿಯಾಗಿ ಬೆಳೆದವು. ಇದರ ಮೇಲೆ ಸ್ಟೀರಾಯ್ಡೇ ಎಬ್ಬಿಸುವ ಮೊಡವೆ ಬೇರೆ ಇದೆ: ಎಲ್ಲವೂ ಒಂದೇ ಅಳತೆಯ ಸಣ್ಣ ಗುಳ್ಳೆ, ಒಂದೇ ಸಲ ಏಳುತ್ತವೆ, ಸಾಮಾನ್ಯ ಮೊಡವೆಯ ಹಾಗೆ ಅಲ್ಲಲ್ಲಿ ಕಪ್ಪು ತಲೆ ಇರುವುದಿಲ್ಲ. ನೀವು ಕಳಿಸಿದ ಫೋಟೋದಲ್ಲಿ ಬಾಯಿಯ ಸುತ್ತ ಇರುವುದು ಇದೇ ಬಗೆಯದು ಅಂತ ನನ್ನ ಗುಮಾನಿ. ಮುಖ ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದು.

ಉರಿಯ ವಿಷಯಕ್ಕೆ ಬರೋಣ. ತಿಂಗಳುಗಟ್ಟಲೆ ಬಿಗಿಹಿಡಿದಿದ್ದ ರಕ್ತನಾಳಗಳು ಮದ್ದು ನಿಂತಾಗ ಒಮ್ಮೆಗೇ ಹಿಗ್ಗುತ್ತವೆ. ಕೆಂಪು, ಬಿಸಿ, ಉರಿ, ನವೆ ಎಲ್ಲ ಒಟ್ಟಿಗೆ ಬರುವುದು ಆಗಲೇ. ಇದನ್ನು ನೀವು 'ಕ್ರೀಮು ಒಗ್ಗಿದೆ' ಎಂದು ಓದಿಕೊಂಡಿರಿ. ಅದು ಕ್ರೀಮು ಮಾಡಿದ ಗಾಯ. ಈ ಅವಸ್ಥೆಗೆ ನಮ್ಮ ದೇಶದ ಚರ್ಮವೈದ್ಯರೇ 2008ರಲ್ಲಿ 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಎಂದು ಹೆಸರಿಟ್ಟರು. ಹೆಸರಿಡುವಷ್ಟು ಮಂದಿ ಬರುತ್ತಿದ್ದರು ಎನ್ನುವುದೇ ನಾಚಿಕೆಯ ಮಾತು.

ಈಗೇನು ಮಾಡಬೇಕು? ಟ್ಯೂಬನ್ನು ಬಿಸಾಡಬೇಡಿ, ಕೈಯಲ್ಲಿ ಹಿಡಿದುಕೊಂಡು ಈ ವಾರವೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳೇ ಇವೆ, ದೂರ ಓಡಾಡುವ ಗರಜಿಲ್ಲ. ಕೆಲವರಿಗೆ ಒಮ್ಮೆಗೇ ನಿಲ್ಲಿಸುತ್ತಾರೆ. ಇನ್ನು ಕೆಲವರಿಗೆ ಹೈಡ್ರೋಕಾರ್ಟಿಸೋನ್‌ನಂಥ ಮೃದು ಸ್ಟೀರಾಯ್ಡ್ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ. ಉರಿ ತಣಿಸಲು ಟ್ಯಾಕ್ರೋಲಿಮಸ್ ಮುಲಾಮು, ಗುಳ್ಳೆಗಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾಗಬಹುದು. ಮನೆಯಲ್ಲಿ ತಣ್ಣೀರಿನ ಬಟ್ಟೆ, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ಇಷ್ಟೇ ಸಾಕು. ನಿಂಬೆರಸ, ಕಡಲೆಹಿಟ್ಟು, ಟೂತ್‌ಪೇಸ್ಟ್ ಯಾವುದೂ ಬೇಡ, ಅಜ್ಜಿ ಹೇಳಿದರೂ ಬೇಡ.

ಒಂದು ಮಾತು ಮೊದಲೇ ತಿಳಿದಿರಲಿ. ನಿಲ್ಲಿಸಿದ ಮೇಲಿನ ಮೊದಲ ಕೆಲವು ವಾರ ಮುಖ ಈಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಡಾಕ್ಟರ ಮದ್ದಿನಿಂದಲೇ ಹೀಗಾಯಿತು ಎಂದು ಹಳೆಯ ಟ್ಯೂಬಿಗೆ ಮರಳುತ್ತಾರೆ. ತಿಂಗಳುಗಳು ಹಿಡಿದರೂ ಉರಿ, ಕೆಂಪು, ಗುಳ್ಳೆ ಇಳಿಯುತ್ತವೆ. ಕೆನ್ನೆಯ ಮೇಲೆ ದಾರದೆಳೆಯಂತೆ ಕಾಣುವ ರಕ್ತನಾಳ ಮಾತ್ರ ತಾನಾಗಿ ಹೋಗುವುದು ಕಡಿಮೆ, ಅದಕ್ಕೆ ಲೇಸರ್ ಇದೆ. ಆಮೇಲೆ ಮೂಲ ಮೊಡವೆಗೆ ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್‌ನಂಥ ನಿಜವಾದ ಮದ್ದು ಶುರುವಾಗುತ್ತದೆ. ಅವು ಕೆಲಸ ತೋರಿಸಲು 8ರಿಂದ 12 ವಾರ ತೆಗೆದುಕೊಳ್ಳುತ್ತವೆ. ನಾಲ್ಕು ದಿನದಲ್ಲಿ ಮೊಡವೆ ಮಾಯವಾದರೆ ಸಂತೋಷಪಡುವ ಮೊದಲು ಟ್ಯೂಬಿನ ಮೇಲಿನ ಅಕ್ಷರ ಓದಬೇಕು.

ನನಗೆ ಬಂಗು ಇದೆ. ಡಾಕ್ಟರು ರಾತ್ರಿ ಹಚ್ಚಲು ಒಂದು ಕ್ರೀಮು ಬರೆದಿದ್ದರು, ಚೆನ್ನಾಗಿ ಕೆಲಸ ಮಾಡಿತು. ಈಗ 16 ವರ್ಷದ ಮಗಳು ಅದನ್ನೇ ಮೊಡವೆಯ ಕಲೆಗೆ ಹಚ್ಚಿಕೊಳ್ಳುತ್ತಿದ್ದಾಳೆ. ಡಾಕ್ಟರೇ ಕೊಟ್ಟದ್ದಲ್ಲವೇ, ತೊಂದರೆ ಇಲ್ಲ ತಾನೇ?
— ಗೃಹಿಣಿ, ಶಿವಮೊಗ್ಗ

ಡಾಕ್ಟರು ಕೊಟ್ಟದ್ದು ನಿಮಗೆ ಅಮ್ಮಾ, ಬಂಗಿಗೆ, ಅದೂ ಇಷ್ಟು ವಾರ ಎಂದು ಎಣಿಸಿ. ಈ ಬಗೆಯ ಕ್ರೀಮಿನಲ್ಲಿ ಮೂರು ಮದ್ದುಗಳಿರುತ್ತವೆ: ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಮೇಲ್ಪದರ ಸುಲಿಸುವ ಟ್ರೆಟಿನಾಯಿನ್, ಇವೆರಡರ ಕಿರಿಕಿರಿ ತಡೆಯಲು ಒಂದು ಸ್ಟೀರಾಯ್ಡ್. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲಿಸ್ ಎಂಬ ವೈದ್ಯರು ಪ್ರಕಟಿಸಿದ ಸೂತ್ರದ ಮರಿಮಕ್ಕಳು ಇವು. ನಮ್ಮಲ್ಲಿ ಸಿಗುವ ಹಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಎಂದರೆ ಮೊಮೆಟಾಸೋನ್. ಸರಿಯಾದ ಕೈಯಲ್ಲಿ ಒಳ್ಳೆಯ ಮದ್ದು. ತೊಂದರೆ ಶುರುವಾಗುವುದು ಇದು ಬೆಳ್ಳಗಾಗುವ ಕ್ರೀಮು ಎಂದು ಮನೆಯಿಂದ ಮನೆಗೆ, ಪಾರ್ಲರಿನಿಂದ ಪಾರ್ಲರಿಗೆ ದಾಟಿದಾಗ.

ಮಗಳು ಎಷ್ಟು ದಿನದಿಂದ ಹಚ್ಚುತ್ತಿದ್ದಾಳೆ ಎಂದು ನೀವು ಬರೆದಿಲ್ಲ. ಒಂದೆರಡು ವಾರವಾದರೆ ಸುಮ್ಮನೆ ನಿಲ್ಲಿಸಿ. ತಿಂಗಳು ದಾಟಿದ್ದರೆ ಮೇಲಿನ ಉತ್ತರ ಅವಳಿಗೂ ಅನ್ವಯಿಸುತ್ತದೆ. ಮೊಡವೆಯ ಕಪ್ಪು ಕಲೆಗೆ ಅಜೆಲಾಯಿಕ್ ಆಸಿಡ್ ಇದೆ, ಸ್ಟೀರಾಯ್ಡ್ ಬೇಡ. ನಿಮ್ಮ ಟ್ಯೂಬೂ ಎಷ್ಟು ತಿಂಗಳಿಂದ ನಡೆಯುತ್ತಿದೆ, ಒಮ್ಮೆ ಲೆಕ್ಕ ಹಾಕಿ ನೋಡಿ.

ಇನ್ನು ಮೂರು ವಾರಕ್ಕೆ ನನ್ನ ಮದುವೆ. ಗಲ್ಲದ ಮೇಲೆ ದೊಡ್ಡ ಗಡ್ಡೆಯಂಥ ಮೊಡವೆ ಎದ್ದಿದೆ, ಬೇರೆ ನಾಲ್ಕೈದು ಸಣ್ಣವು. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಎರಡೇ ದಿನಕ್ಕೆ ಹೋಗುತ್ತದೆ ಅಂತ ಗೆಳತಿ ಹೇಳಿದಳು. ಎಲ್ಲದಕ್ಕೂ ಹಾಕಿಸಲೇ?
— ವಧು, ಮಂಗಳೂರು

ಗೆಳತಿ ಹೇಳಿದ್ದು ಸುಳ್ಳಲ್ಲ. ಆಳದ, ನೋಯುವ ಗಂಟಿನೊಳಗೆ ಟ್ರಯಾಮ್ಸಿನೊಲೋನ್ ಚುಚ್ಚಿದರೆ ಎರಡು ಮೂರು ದಿನಕ್ಕೆ ಕೂರುತ್ತದೆ. ಮೊಡವೆಯಲ್ಲಿ ಸ್ಟೀರಾಯ್ಡಿಗೆ ನ್ಯಾಯವಾದ ಜಾಗ ಇರುವುದು ಇಂಥ ಕೆಲವು ಕಡೆ ಮಾತ್ರ. ತೀರಾ ಉಗ್ರವಾಗಿ ಹುಣ್ಣಾಗಿ, ಜ್ವರ, ಕೀಲುನೋವು ಬರುವ ಅಪರೂಪದ ಮೊಡವೆಗೆ ಮಾತ್ರೆಯನ್ನೂ ಕೊಡುತ್ತೇವೆ. ಅದು ನಿಮ್ಮದಲ್ಲ ಬಿಡಿ.

ಅಪಾಯ ಇರುವುದು ಪ್ರಮಾಣದಲ್ಲಿ. ಈ ಮದ್ದು ಬಾಟಲಿಯಲ್ಲಿ ಬರುವುದು ಮಿಲಿಲೀಟರಿಗೆ 10 ಅಥವಾ 40 ಮಿಲಿಗ್ರಾಂ. ಮುಖದ ಮೊಡವೆಗೆ ಅದನ್ನು ಸುಮಾರು 2.5 ಮಿಲಿಗ್ರಾಂಗೆ ತೆಳು ಮಾಡಿ, ತೊಟ್ಟಿನಷ್ಟು ಹಾಕಬೇಕು. ಗಟ್ಟಿಯಾಗಿ ಹಾಕಿದರೆ, ಹೆಚ್ಚು ಹಾಕಿದರೆ ಕೆಳಗಿನ ಕೊಬ್ಬು ಕರಗಿ ಗುಳಿ ಬೀಳುತ್ತದೆ, ಸುತ್ತ ಬಿಳಿಚುತ್ತದೆ. ಗುಳಿ ಹೆಚ್ಚಿನವರಲ್ಲಿ ತಾನೇ ತುಂಬಿಕೊಳ್ಳುತ್ತದೆ, ಆದರೆ ತಿಂಗಳುಗಳು ಬೇಕು. ಅದು ಕಾಣಿಸಿಕೊಳ್ಳುವುದು ಕೆಲವು ವಾರಗಳ ನಂತರ; ಇವತ್ತು ಹಾಕಿಸಿಕೊಂಡರೆ ಸರಿಯಾಗಿ ನಿಮ್ಮ ಧಾರೆಯ ಹೊತ್ತಿಗೆ. ಆದ್ದರಿಂದ ಆ ಒಂದು ಗಂಟಿಗೆ ಮಾತ್ರ, ಚರ್ಮರೋಗ ತಜ್ಞರ ಕೈಯಲ್ಲೇ ಹಾಕಿಸಿ. ಸಣ್ಣವಕ್ಕೆ ಬೇಡ, ಅವು ಮೇಕಪ್ಪಿನಲ್ಲಿ ಮುಚ್ಚುತ್ತವೆ. ಬ್ಲೀಚು, ಹೊಸ ಫೇಶಿಯಲ್ಲು ಈ ಮೂರು ವಾರ ಬಿಟ್ಟುಬಿಡಿ. ನಿಮಗೆ ಶುಭವಾಗಲಿ.

ಜಿಮ್‌ಗೆ ಹೋಗುತ್ತೇನೆ. ಕೋಚ್ ಹೇಳಿದ ಇಂಜೆಕ್ಷನ್ ಶುರು ಮಾಡಿದ ಮೇಲೆ ಮುಖ, ಬೆನ್ನು ತುಂಬ ಕೀವಿನ ಮೊಡವೆ. ಇದಕ್ಕೆ ಸ್ಟೀರಾಯ್ಡ್ ಕ್ರೀಮು ಹಚ್ಚಬಹುದೇ?
— 24ರ ಯುವಕ, ಬೆಂಗಳೂರು

ಒಂದು ಸ್ಟೀರಾಯ್ಡಿನ ಮೊಡವೆಗೆ ಇನ್ನೊಂದು ಸ್ಟೀರಾಯ್ಡೇ? ಬೇಡಪ್ಪ. ಕೋಚ್ ಕೊಡುವುದು ಗಂಡು ಹಾರ್ಮೋನಿನ ಜಾತಿಯದು, ಕ್ರೀಮಿನಲ್ಲಿರುವುದು ಬೇರೆ ಜಾತಿ. ಹಾರ್ಮೋನು ಜಿಡ್ಡಿನ ಗ್ರಂಥಿಗಳನ್ನು ಹಿಗ್ಗಿಸುತ್ತದೆ, ಮೊಡವೆ ಆಳಕ್ಕಿಳಿದು ಶಾಶ್ವತ ಕಲೆ ಬಿಡುತ್ತದೆ. ವೀರ್ಯಾಣುಗಳ ಸಂಖ್ಯೆಯೂ ಕುಸಿಯುತ್ತದೆ ಎನ್ನುವುದನ್ನು ಕೋಚ್ ಹೇಳಿರಲಾರರು. ವೈದ್ಯರಿಗೆ ಏನು ತೆಗೆದುಕೊಂಡಿರಿ ಎಂದು ನಿಜ ಹೇಳಿ. ಅವರು ಪೊಲೀಸರಲ್ಲ.

ಎಲ್ಲಾ ತಪ್ಪು ಮೆಡಿಕಲ್ ಶಾಪಿನವರ ಮೇಲೆ ಹಾಕ್ತೀರಿ. ಗಿರಾಕಿ ಬಂದು ಟ್ಯೂಬಿನ ಹೆಸರು ಹೇಳಿಯೇ ಕೇಳ್ತಾರ್ರೀ. ನಾ ಕೊಡದಿದ್ರ ಪಕ್ಕದ ಅಂಗಡ್ಯಾಂವ ಕೊಡ್ತಾನ. ಡಾಕ್ಟರೂ ಬರೀತಾರಲ್ಲ?
— ಔಷಧ ವ್ಯಾಪಾರಿ, ಗದಗ ಜಿಲ್ಲೆ

ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ. 2011ರಲ್ಲಿ ಪ್ರಕಟವಾದ ಭಾರತದ ಹಲವು ಆಸ್ಪತ್ರೆಗಳ ಅಧ್ಯಯನ ನೋಡಿ. ಮುಖದ ತೊಂದರೆಗೆ ಬಂದ 2926 ಮಂದಿಯಲ್ಲಿ 433 ಜನ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಶೇಕಡಾ 59.3 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ಆದರೆ ವೈದ್ಯರು ಬರೆದ ಚೀಟಿಗಳಲ್ಲೂ ಶೇಕಡಾ 82.9ರಷ್ಟನ್ನು ತೋರಿಸಿ ಮತ್ತೆ ಮತ್ತೆ ತಪ್ಪಾಗಿ ಮದ್ದು ಕೊಂಡಿದ್ದರು. ನಿಮ್ಮ ಕಸುಬಿನವರೂ ನಮ್ಮವರೂ ತಲೆ ತಗ್ಗಿಸಬೇಕಾದ ಅಂಕಿ ಅದು. ಹಚ್ಚಿದ 433 ಜನರಲ್ಲಿ 392 ಮಂದಿಗೆ ಅಡ್ಡಪರಿಣಾಮ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಯಾವುದು ಗೊತ್ತೇ? ಮೊಡವೆ.

ಇಷ್ಟಾಗಿಯೂ ಪಕ್ಕದ ಅಂಗಡಿಯ ನೆಪವನ್ನು ನಾನು ಒಪ್ಪಲಾರೆ. 2018ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇನ್ನೂ 14 ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ತಂದಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಗಿರಾಕಿಗೆ ಇಲ್ಲ ಎನ್ನುವುದು ಕಷ್ಟವಾದರೆ ಒಂದು ಪ್ರಶ್ನೆ ಕೇಳಿ: "ಮುಖಕ್ಕಾ?" ಹೌದು ಎಂದರೆ ಟ್ಯೂಬು ಕಪಾಟಿನಲ್ಲೇ ಇರಲಿ. ಓದುಗರೂ ಗುರುತಿಟ್ಟುಕೊಳ್ಳಬಹುದು. ಈ ಮದ್ದುಗಳ ಹೆಸರುಗಳು ಹೆಚ್ಚಾಗಿ 'ಸೋನ್' ಎಂದು ಮುಗಿಯುತ್ತವೆ: ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್. ಎಲ್ಲಕ್ಕಿಂತ ಬಿರುಸಾದ ಕ್ಲೋಬೆಟಾಸಾಲ್ ಮಾತ್ರ ಈ ಗುರುತಿಗೆ ಸಿಗದೆ ನುಣುಚಿಕೊಳ್ಳುತ್ತದೆ.

ಇಂಥದೇ ಕ್ರೀಮು ಎರಡು ವರ್ಷ ಹಚ್ಚಿ ಈಗ ನಿಲ್ಲಿಸಿದ್ದೇನೆ. ಕೆನ್ನೆ, ಹಣೆಯ ಮೇಲೆ ಸಣ್ಣ ಕೂದಲು ಬೆಳೆದಿದೆ. ವ್ಯಾಕ್ಸ್ ಮಾಡಿಸಲೇ?
— ಶಿಕ್ಷಕಿ, ಹಾಸನ

ಮಾಡಿಸಬೇಡಿ. ತೆಳುವಾದ ಚರ್ಮ ವ್ಯಾಕ್ಸಿನ ಜೊತೆಗೇ ಕಿತ್ತು ಬರುತ್ತದೆ. ಸ್ಟೀರಾಯ್ಡ್ ತಂದ ಕೂದಲು ಅದು ನಿಂತ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ತೀರಾ ಬೇಸರವಾದರೆ ಸಣ್ಣ ಕತ್ತರಿಯಲ್ಲಿ ಕತ್ತರಿಸಿಕೊಳ್ಳಿ. ಮುಟ್ಟು ಏರುಪೇರಾಗಿದ್ದರೆ ಅಥವಾ ಗದ್ದದಲ್ಲಿ ದಪ್ಪ ಕೂದಲು ಬಂದಿದ್ದರೆ ಅದರ ಕಾರಣ ಬೇರೆ ಇರಬಹುದು, ಹಾರ್ಮೋನ್ ಪರೀಕ್ಷೆ ಮಾಡಿಸಿ.