ಮೊಂಡು ಕುಡಗೋಲು ಯಾರ ಕೂಲಿ ತಿನ್ನುತ್ತದೆ?



ದುಬಲಗುಂಡಿ ಸುತ್ತಿನ ಹೊಲಗಳಲ್ಲಿ ಸೋಯಾ ಕೊಯ್ಲಿಗೆ ಬಂದಾಗ ಎಕರೆಗೆ ಇಷ್ಟು ಅಂತ ಗುತ್ತಾ ಹಿಡಿಯುತ್ತೇವೆ. ಆಮೇಲೆ ತೊಗರಿ, ಜೋಳ. ದನಕ್ಕೆ ಹುಲ್ಲು ಅಂತೂ ದಿನಾ ಬೇಕು. "ಮುಂಜಾನೆ ಚಲೋ ಹೋಗ್ತದ್ರಿ, ಮಧ್ಯಾಹ್ನಕ್ಕ ಕುಡಗೋಲು ಹೋಗಂಗಿಲ್ಲ" ಎಂಬ ಮಾತು ಎಲ್ಲರಿಗೂ ಗೊತ್ತು. ಮೊಂಡು ಕುಡಗೋಲು ಕೊಯ್ಯುವುದಿಲ್ಲ, ಜಗ್ಗುತ್ತದೆ. ಜಗ್ಗಿದರೆ ಒಣಗಿದ ಸೋಯಾ ಕಾಯಿ ಸಿಡಿದು ಕಾಳು ನೆಲಕ್ಕೆ ಬೀಳುತ್ತದೆ. ಮುಂಗೈ ನೋಯುತ್ತದೆ. ಜೋರು ಹಾಕಿದಾಗ ಜಾರಿ ಎಡಗೈ ಕೊಯ್ದುಕೊಳ್ಳುತ್ತೇವೆ. ಗುತ್ತಾ ಕೆಲಸದಲ್ಲಿ ಹೋದ ಹೊತ್ತು ನಮ್ಮದೇ ಕೂಲಿ.

ದಿನಾ ಸಂಜೆ ಹತ್ತು ನಿಮಿಷ ಕೊಟ್ಟರೆ ಸಾಕು. ಬೇಕಾದದ್ದು ಉದ್ದನೆಯ ಮಸೆಗಲ್ಲು, ಒಂದು ಅರ, ನೀರು, ಹಳೆ ಬಟ್ಟೆ.

ಮಸೆಯುವ ಕ್ರಮ

1. ಮಣ್ಣು, ಅಂಟು ತೊಳೆದು ಒರೆಸಿ. ಹಿಡಿಕೆ ಸಡಿಲಿದ್ದರೆ ಮೊದಲು ಅದನ್ನು ಬಿಗಿ ಮಾಡಿ.

2. ಕುಡಗೋಲನ್ನು ಹಲಗೆಯ ಮೇಲೆ ಒತ್ತಿ ಹಿಡಿಯಿರಿ. ಬಾಯಿ ನಿಮ್ಮ ಮೈ ಕಡೆ ಇರಬಾರದು. ಮಕ್ಕಳು ದೂರ ಇರಲಿ.

3. ಕಂಬಾರರು ಬಾಯಿಗೆ ಕೊಟ್ಟ ಇಳಿಜಾರನ್ನೇ ಹಿಡಿದು ಮಸೆಯಿರಿ. ಅದು ತಿಳಿಯದಿದ್ದರೆ ಅಲ್ಲಿ ಸ್ವಲ್ಪ ಕಾಡಿಗೆ ಹಚ್ಚಿ ಎರಡು ಸಲ ಕಲ್ಲು ಎಳೆಯಿರಿ. ಕಾಡಿಗೆ ಪೂರಾ ಹೋದರೆ ಕಲ್ಲು ಸರಿ ಕೂತಿದೆ. ತುದಿಯಲ್ಲಷ್ಟೇ ಹೋದರೆ ಕಲ್ಲನ್ನು ಇನ್ನಷ್ಟು ಮಲಗಿಸಿ.

4. ಕಲ್ಲಿಗೆ ನೀರು ಹಚ್ಚಿ, ಹಿಡಿಕೆಯಿಂದ ತುದಿಯ ಕಡೆಗೆ ಒಂದೇ ಸಮನೆ ಸಾಗಿಸಿ. ಬಹಳ ಮೊಂಡಾಗಿದ್ದರೆ ಮೊದಲು ಅರ ಬಳಸಿ. ಅರ ಮುಂದೆ ದೂಡುವಾಗ ಮಾತ್ರ ಕೆಲಸ ಮಾಡುತ್ತದೆ. ಹಿಂದೆ ತರುವಾಗ ಎತ್ತಿ ತನ್ನಿ, ಇಲ್ಲವಾದರೆ ಅದರ ಹಲ್ಲು ಬೇಗ ಸವೆಯುತ್ತವೆ.

5. ಹಿಂಬದಿಯಲ್ಲಿ ಏಳುವ ಸಣ್ಣ ಮುಳ್ಳನ್ನು ಕಲ್ಲು ಚಪ್ಪಟೆ ಇಟ್ಟು ಒಂದೆರಡು ಸಲ ಉಜ್ಜಿ ತೆಗೆಯಿರಿ.

6. ಹರಿತ ನೋಡಲು ಹೆಬ್ಬೆರಳು ಬೇಡ. ಜೋಳದ ಗರಿ ಕೊಯ್ದು ನೋಡಿ.

ಕರೆಂಟಿನ ಸಾಣೆಗೆ ಕೊಟ್ಟರೆ ಅಲಗನ್ನು ಆಗಾಗ ನೀರಿಗೆ ಅದ್ದಲು ಹೇಳಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಗಟ್ಟಿತನ ಹೋಯಿತು, ಹರಿತ ನಿಲ್ಲುವುದಿಲ್ಲ. ಗರಗಸದ ಹಲ್ಲಿರುವ ಕುಡಗೋಲಿನ ಹಲ್ಲುಗಳ ಮೇಲೆ ಕಲ್ಲು ಉಜ್ಜಬೇಡಿ, ಹಲ್ಲು ಹೋಗುತ್ತವೆ. ದೊಡ್ಡ ಕಚ್ಚು ಬಿದ್ದಿದ್ದರೆ ಕುಲುಮೆಗೆ ಒಯ್ದು ಹಣಿಸಿಕೊಂಡು ಬನ್ನಿ.

ಮೇವು ಕತ್ತರಿಸುವ ಯಂತ್ರ ಇದ್ದವರಿಗೆ

ಮೊದಲು ಕರೆಂಟ್ ತೆಗೆಯಿರಿ, ಚಕ್ರ ತಿರುಗದಂತೆ ಹಗ್ಗದಿಂದ ಕಟ್ಟಿ. ಆಮೇಲೆ ಬ್ಲೇಡು ಬಿಚ್ಚಿ. ಇಳಿಜಾರು ಇರುವ ಬದಿ ಮಾತ್ರ ಮಸೆಯಿರಿ. ಎರಡೂ ಬ್ಲೇಡು ಸಮನಾಗಿ ಸವೆಯಬೇಕು, ಇಲ್ಲದಿದ್ದರೆ ಚಕ್ರ ಅದುರಿ ಬೋಲ್ಟು ಸಡಿಲಾಗುತ್ತವೆ. ತಿರುಗಿ ಕೂಡಿಸಿದ ಮೇಲೆ ಬೋಲ್ಟು ಬಿಗಿ ಮಾಡಿ, ಹಗ್ಗ ಬಿಚ್ಚಿ. ಕರೆಂಟ್ ಕೊಡುವ ಮುಂಚೆ ಹಿಡಿಯಿಂದ ಚಕ್ರ ಒಂದು ಸುತ್ತು ತಿರುಗಿಸಿ, ಬ್ಲೇಡು ಎಲ್ಲಿಯೂ ತಾಗುವುದಿಲ್ಲ ಎಂದು ನೋಡಿಕೊಳ್ಳಿ.

ಜೋಪಾನ

ಕೆಲಸ ಮುಗಿದ ಮೇಲೆ ಒರೆಸಿ, ತೆಳ್ಳಗೆ ಕುಸುಬಿ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಹಳೆ ಡ್ರಿಪ್ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಬಾಯಿಗೆ ಹಾಕಿ. ಟಂಟಂನಲ್ಲಿ ಒತ್ತಾಗಿ ಕೂತು ಹೋಗುವಾಗ ಯಾರಿಗೂ ತಾಗುವುದಿಲ್ಲ.

ಕೈ ಕೊಯ್ದರೆ ಮಣ್ಣು, ಅರಿಶಿಣ ಮೆತ್ತಬೇಡಿ. ಸೋಪು ನೀರಿನಿಂದ ತೊಳೆದು, ಶುದ್ಧ ಬಟ್ಟೆ ಒತ್ತಿ ಕಟ್ಟಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ಕೇಳಿ. ಆ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಕುಡಗೋಲು ಹೊಸದಾದರೂ ಅಪಾಯ ಇದ್ದೇ ಇದೆ.

ಸಭೆಯಲ್ಲಿ ಮಾತಾಡಿ

* ನಮ್ಮ ಸಂಘದಲ್ಲಿ ಎಷ್ಟು ಜನರ ಕುಡಗೋಲು ಮೊಂಡಾಗಿದೆ?
* ಎಲ್ಲರೂ ಕೂಡಿ ಒಂದು ಅರ, ಎರಡು ಮಸೆಗಲ್ಲು ಕೊಳ್ಳಬಹುದೇ? ಯಾರ ಮನೆಯಲ್ಲಿ ಇಡೋಣ?
* ಚೆನ್ನಾಗಿ ಮಸೆಯಲು ಬರುವವರು ಯಾರು? ಮುಂದಿನ ಸಭೆಗೆ ಎಲ್ಲರೂ ಕುಡಗೋಲು ತರಲಿ, ಅವರು ಕಲಿಸಲಿ.